ಜರ್ಮನ್ ಟ್ಯಾಂಕು ಯೋಧರ ಸ್ವಾನುಭವ ಕಥನಗಳು: ಅವುಗಳ ಸಂಗ್ರಹ ಮತ್ತು ಸಂಪಾದನೆ

೧. ವಿಷಯ ಪ್ರವೇಶ

ಎರಡನೆಯ ಮಹಾಯುದ್ಧದ ಚರಿತ್ರೆಯನ್ನು ಬರೆಯುವವರಿಗೆ ಲಿಖಿತ ಆಕರಗಳ ಕೊರತೆಯಿಲ್ಲ. ಸೇನಾಪತಿಗಳ ಆಜ್ಞೆಗಳು, ಡಿವಿಷನ್ನುಗಳ ಯುದ್ಧದಿನಚರಿಗಳು, ನಕ್ಷೆಗಳು, ಮದ್ದುಗುಂಡು ಮತ್ತು ಇಂಧನಗಳ ಲೆಕ್ಕಪತ್ರಗಳು ಲಕ್ಷಗಟ್ಟಲೆ ಪುಟಗಳಲ್ಲಿ ಉಳಿದುಬಂದಿವೆ. ಆದರೆ ಒಂದು ಟ್ಯಾಂಕಿನ ಉಕ್ಕಿನ ಗೋಡೆಗಳ ಒಳಗೆ ಕುಳಿತಿದ್ದ ಐದು ಜನರಿಗೆ ಆ ಯುದ್ಧವು ಹೇಗೆ ಕಂಡಿತೆಂಬುದನ್ನು ಈ ಕಾಗದಗಳು ತಿಳಿಸಲಾರವು. ಅದನ್ನು ಹೇಳಬಲ್ಲವರು ಆ ಐವರೇ. ಜರ್ಮನ್ ಟ್ಯಾಂಕು ಪಡೆಗಳಲ್ಲಿ ಹೋರಾಡಿ ಬದುಕಿ ಉಳಿದವರ ನೆನಪುಗಳು ೧೯೫೦ರ ದಶಕದಿಂದ ಮೊದಲ್ಗೊಂಡು ಬಿಡಿಯಾಗಿಯೂ ಸಂಗ್ರಹರೂಪವಾಗಿಯೂ ಅಚ್ಚಾಗುತ್ತ ಬಂದಿವೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿಯೂ ಕೆಲವರು ಇವುಗಳ ಇಂಗ್ಲಿಷ್ ಅನುವಾದಗಳನ್ನು ಆಸಕ್ತಿಯಿಂದ ಓದುತ್ತಾರೆ. ತಮ್ಮ ಪ್ರಬಂಧಗಳಲ್ಲಿ ಪ್ರಮಾಣವಾಗಿ ಉದಾಹರಿಸುತ್ತಾರೆ.

ಈ ಕಥನಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಗೆ ಎರಡು ಸುಲಭವಾದ ಉತ್ತರಗಳಿವೆ. ಕಣ್ಣಾರೆ ಕಂಡವನ ಮಾತೇ ಪರಮ ಪ್ರಮಾಣವೆಂಬುದು ಒಂದು. ಸೋತವರು ತಮ್ಮನ್ನು ಸಮರ್ಥಿಸಿಕೊಳ್ಳಲು ಹೆಣೆದ ಕಥೆಗಳಾದುದರಿಂದ ಅವು ತ್ಯಾಜ್ಯವೆಂಬುದು ಇನ್ನೊಂದು. ಇವೆರಡೂ ಸಾಲವು. ನಮ್ಮ ಅಭಿಪ್ರಾಯದಲ್ಲಿ ಇಂಥ ಕಥನದ ಬೆಲೆಯು ಹೇಳಿದವನ ಪ್ರಾಮಾಣಿಕತೆಯೊಂದರಿಂದಲೇ ನಿರ್ಧಾರವಾಗುವುದಿಲ್ಲ. ಅದನ್ನು ಯಾರು, ಯಾವಾಗ, ಯಾರಿಗಾಗಿ ಸಂಗ್ರಹಿಸಿದರು, ಪ್ರಕಟಿಸುವಾಗ ಏನನ್ನು ಉಳಿಸಿದರು, ಏನನ್ನು ಬಿಟ್ಟರು ಎಂಬುದನ್ನೂ ಅದು ಅಷ್ಟೇ ಅವಲಂಬಿಸಿದೆ. ಪ್ರಸ್ತುತ ಲೇಖನದಲ್ಲಿ ಈ ಮಾತನ್ನು ಕೆಲವು ನಿದರ್ಶನಗಳಿಂದ ವಿಶದಪಡಿಸಲು ಪ್ರಯತ್ನಿಸಿದ್ದೇವೆ.

೨. ಕಥನಗಳಿಂದ ದೊರೆಯುವ ತಿಳಿವಳಿಕೆ

ಮೊದಲು ಇವುಗಳಿಂದ ಆಗುವ ಲಾಭವನ್ನು ನೋಡೋಣ. ಯುದ್ಧದಿನಚರಿಯಲ್ಲಿ ‘ಬಳಕೆಗೆ ಸಿದ್ಧವಿರುವ ಟ್ಯಾಂಕುಗಳು ಇಷ್ಟು’ ಎಂಬ ಒಂದು ಸಾಲು ಇರುತ್ತದೆ. ಬೆಟಾಲಿಯನ್ನಿನಲ್ಲಿ ನಲವತ್ತೈದು ಟ್ಯಾಂಕುಗಳಿರಬೇಕಾಗಿದ್ದರೂ ಹಲವು ದಿನಗಳಲ್ಲಿ ಆ ಸಂಖ್ಯೆಯು ಬಹಳ ಕಡಿಮೆಯಾಗಿರುವುದನ್ನು ಕಾಣುತ್ತೇವೆ. ಇದು ಏಕೆಂಬುದನ್ನು ದಿನಚರಿಯು ಹೇಳುವುದಿಲ್ಲ, ಯೋಧರು ಹೇಳುತ್ತಾರೆ. ‘ಟೈಗರ್’ ಎಂಬ ಹೆಸರಿನ ಭಾರಿ ಟ್ಯಾಂಕಿನ ತೂಕ ಸುಮಾರು ೫೭ ಟನ್. ಅದರ ಚಕ್ರಗಳು ಒಂದರ ಮೇಲೊಂದು ಅರ್ಧ ಮುಚ್ಚುವಂತೆ ಜೋಡಿಸಲ್ಪಟ್ಟಿದ್ದುವು. ರಷ್ಯದ ಚಳಿಗಾಲದ ರಾತ್ರಿಗಳಲ್ಲಿ ಅವುಗಳ ನಡುವೆ ಸೇರಿದ ಕೆಸರು ಮತ್ತು ಹಿಮ ಗಟ್ಟಿಯಾಗಿ ಬೆಳಗಾಗುವಷ್ಟರಲ್ಲಿ ಟ್ಯಾಂಕು ಅಲುಗದಂತಾಗುತ್ತಿತ್ತು. ಒಳಗಿನ ಸಾಲಿನ ಒಂದು ಚಕ್ರವನ್ನು ಬದಲಾಯಿಸಲು ಹೊರಗಿನ ಹಲವನ್ನು ಕಳಚಬೇಕಾಗುತ್ತಿತ್ತು. ಕೆಟ್ಟು ನಿಂತ ಟೈಗರನ್ನು ಎಳೆಯಲು ೧೮ ಟನ್ ತೂಕದ ಎಳೆಬಂಡಿಗಳು ಒಂದಲ್ಲ, ಹಲವು ಬೇಕಾಗುತ್ತಿದ್ದುವು. ರೈಲಿನಲ್ಲಿ ಸಾಗಿಸುವಾಗ ಅಗಲವಾದ ಸರಪಳಿ ಪಟ್ಟಿಗಳನ್ನು ಬಿಚ್ಚಿ ಕಿರಿದಾದವನ್ನು ತೊಡಿಸಬೇಕಾಗಿತ್ತು. ಇಳಿಸಿದ ಮೇಲೆ ಮತ್ತೆ ಅದೇ ಕೆಲಸ. ಈ ಶ್ರಮವನ್ನೆಲ್ಲ ಬಲ್ಲವನು ಚಾಲಕನೇ ಹೊರತು ಸೇನಾಪತಿಯಲ್ಲ.

ಟ್ಯಾಂಕಿನೊಳಗಿನ ಐವರಲ್ಲಿ ನಾಯಕ, ಫಿರಂಗಿ ಹಾರಿಸುವವ, ಗುಂಡು ತುಂಬುವವ, ಚಾಲಕ, ರೇಡಿಯೋ ನಿರ್ವಾಹಕ ಎಂಬ ವಿಭಾಗವಿತ್ತು. ಇವರಲ್ಲಿ ಹೊರಗಿನ ಪ್ರಪಂಚವನ್ನು ಚೆನ್ನಾಗಿ ನೋಡಬಲ್ಲವನು ನಾಯಕನೊಬ್ಬನೇ. ಗುಂಡು ತುಂಬುವವನು ಇಡೀ ಕಾಳಗವನ್ನು ಏನನ್ನೂ ಕಾಣದೆ, ಕಿವಿಯಿಂದ ಮಾತ್ರವೇ ಅನುಭವಿಸುತ್ತಿದ್ದನೆನ್ನಬಹುದು. ಹೀಗಿರಲು, ಒಂದೇ ಟ್ಯಾಂಕಿನ ಇಬ್ಬರ ಕಥನಗಳು ಭಿನ್ನವಾಗಿದ್ದರೆ ಆಶ್ಚರ್ಯವಿಲ್ಲ. ಅವು ಭಿನ್ನವಾಗಿರುವುದೇ ನಮಗೆ ಬೇಕಾದ ಸಂಗತಿ.

ಸಂಗ್ರಹ ಗ್ರಂಥಗಳಲ್ಲಿ ಒಂದನ್ನು ಇಲ್ಲಿ ಹೆಸರಿಸಬಹುದು. ಜರ್ಮನ್ ಸೇನೆಯ ೫೦೩ನೆಯ ಭಾರಿ ಟ್ಯಾಂಕು ಬೆಟಾಲಿಯನ್ ೧೯೪೨ರಲ್ಲಿ ರಚಿತವಾಗಿ ದಕ್ಷಿಣ ರಷ್ಯ, ಕುರ್ಸ್ಕ್, ನಾರ್ಮಂಡಿ ಮತ್ತು ಹಂಗೆರಿಗಳಲ್ಲಿ ಹೋರಾಡಿತು. ಅದರಲ್ಲಿ ಸೇವೆ ಸಲ್ಲಿಸಿದ್ದ ಲೋಖ್‌ಮನ್, ರೂಬೆಲ್ ಮತ್ತು ಫಾನ್ ರೋಸೆನ್ ಎಂಬವರೇ ತಮ್ಮ ಸಂಗಾತಿಗಳ ಬರಹಗಳನ್ನು ಕೂಡಿಸಿ ಗ್ರಂಥವಾಗಿಸಿದರು. ಅದರ ಇಂಗ್ಲಿಷ್ ಅನುವಾದವು ೨೦೦೦ದಲ್ಲಿ ಕೆನಡಾದಲ್ಲಿ ಪ್ರಕಟವಾಯಿತು. ೧೯೪೪ರ ಜುಲೈ ೧೮ರಂದು ನಾರ್ಮಂಡಿಯ ಮಾನೆವಿಲ್ ಬಳಿ ಈ ಬೆಟಾಲಿಯನ್ನಿನ ಒಂದು ಕಂಪನಿಯ ಮೇಲೆ ಬ್ರಿಟಿಷ್ ವಿಮಾನಗಳು ಸುರಿಸಿದ ಬಾಂಬುಗಳ ರಭಸಕ್ಕೆ ೫೭ ಟನ್ನಿನ ಟ್ಯಾಂಕೊಂದು ಬುಡಮೇಲಾಗಿ ಬಿದ್ದಿತು. ಇಂಥ ಘಟನೆಯನ್ನು ಬಾಂಬುಗಳ ಕೆಳಗಿದ್ದವರ ಬಾಯಿಂದ ಕೇಳಿದಾಗ, ಅಂಕಿ ಅಂಶಗಳಿಂದ ತಿಳಿಯದ ಯುದ್ಧದ ಒಂದು ಮುಖವು ನಮಗೆ ಗೋಚರವಾಗುತ್ತದೆ.

ಮತ್ತೊಂದು ಕಾರಣದಿಂದಲೂ ಈ ಕಥನಗಳು ಮುಖ್ಯವಾದುವು. ೧೯೪೫ರ ಏಪ್ರಿಲ್ ೧೪ರ ರಾತ್ರಿ ಪಾಟ್ಸ್‌ಡಾಮ್ ನಗರದ ಮೇಲೆ ನಡೆದ ವಿಮಾನದಾಳಿಯಲ್ಲಿ ಜರ್ಮನ್ ಭೂಸೇನೆಯ ದಾಖಲಾತಿ ಭಂಡಾರದ ಬಹುಭಾಗವು ಸುಟ್ಟುಹೋಯಿತು. ಉಳಿದು ಅಮೆರಿಕನ್ನರ ಕೈಸೇರಿದ ಕಾಗದಗಳು ವಾಷಿಂಗ್ಟನ್ ಸಮೀಪದ ಅಲೆಕ್ಸಾಂಡ್ರಿಯದಲ್ಲಿ ಸೂಕ್ಷ್ಮಚಿತ್ರಗಳಾಗಿ, ಅನಂತರ ಜರ್ಮನಿಗೆ ಹಿಂದಿರುಗಿ, ಇಂದು ಫ್ರೈಬುರ್ಗಿನ ಸೇನಾ ದಾಖಲಾತಿ ಭಂಡಾರದಲ್ಲಿವೆ. ಯುದ್ಧದ ಕೊನೆಯ ತಿಂಗಳುಗಳಿಗೆ ಸಂಬಂಧಿಸಿದಂತೆ ಕೆಲವೆಡೆ ಯೋಧನ ನೆನಪಿನ ಹೊರತು ಬೇರೆ ಆಧಾರವೇ ಇಲ್ಲ. ಆಧಾರವು ಒಂದೇ ಆದಾಗ ಅದನ್ನು ಪರೀಕ್ಷಿಸುವ ಹೊಣೆಯು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

೩. ಪ್ರಕಟಣೆಯ ಪೂರ್ವೇತಿಹಾಸ

ಮೊದಲು ಮಾತನಾಡಿದವರು ಸಾಮಾನ್ಯ ಯೋಧರಲ್ಲ, ಸೇನಾಪತಿಗಳು. ಯುದ್ಧ ಮುಗಿದೊಡನೆಯೇ ಅಮೆರಿಕದ ಭೂಸೇನೆಯ ಇತಿಹಾಸ ವಿಭಾಗವು ಸೆರೆಸಿಕ್ಕ ಜರ್ಮನ್ ಅಧಿಕಾರಿಗಳಿಂದ ಯುದ್ಧವೃತ್ತಾಂತಗಳನ್ನು ಬರೆಯಿಸಲು ತೊಡಗಿತು. ೧೯೩೮ರಿಂದ ೧೯೪೨ರ ವರೆಗೆ ಜರ್ಮನ್ ಭೂಸೇನೆಯ ಮಹಾದಂಡನಾಯಕ ಕಚೇರಿಯ ಮುಖ್ಯಸ್ಥನಾಗಿದ್ದ ಫ್ರಾನ್ಸ್ ಹಾಲ್ಡರನು ೧೯೬೧ರ ವರೆಗೂ ಈ ಕಾರ್ಯದಲ್ಲಿ ಮುಖ್ಯಪಾತ್ರ ವಹಿಸಿದನು. ಎರಡು ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳು ಸಿದ್ಧವಾದುವು. ರಷ್ಯದೊಡನೆ ಯುದ್ಧ ಒದಗಿದರೆ ಹೇಗೆ ಹೋರಾಡಬೇಕೆಂಬುದನ್ನು ತಿಳಿಯುವುದು ಬರೆಯಿಸಿದವರ ಉದ್ದೇಶ. ಸೋಲಿನ ಹೊಣೆಯನ್ನು ಹಿಟ್ಲರನೊಬ್ಬನ ಮೇಲೆ ಹೊರಿಸಿ ಸೇನೆಯ ಗೌರವವನ್ನು ಉಳಿಸಿಕೊಳ್ಳುವುದು ಬರೆದವರ ಉದ್ದೇಶ. ಎರಡು ಉದ್ದೇಶಗಳೂ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡುವು.

ಟ್ಯಾಂಕು ಸೇನಾಪತಿ ಗುಡೇರಿಯನ್ನನ ಆತ್ಮಚರಿತ್ರೆಯು ೧೯೫೨ರಲ್ಲಿ ಇಂಗ್ಲಿಷಿಗೆ ಬಂದಿತು; ಮಾನ್‌ಸ್ಟೈನನ ‘ಕಳೆದುಕೊಂಡ ವಿಜಯಗಳು’ ಎಂಬರ್ಥದ ಗ್ರಂಥವು ಜರ್ಮನ್ ಭಾಷೆಯಲ್ಲಿ ೧೯೫೫ರಲ್ಲಿ ಪ್ರಕಟವಾಯಿತು. ಪಶ್ಚಿಮ ಜರ್ಮನಿಯು ಮತ್ತೆ ಸೇನೆಯನ್ನು ಕಟ್ಟಿದುದೂ ಆ ವರ್ಷವೇ ಎಂಬುದನ್ನು ಗಮನಿಸಬೇಕು. ನಾಜಿಗಳು ಬೇರೆ, ಸೇನೆ ಬೇರೆ. ಸೇನೆಯ ಕೈಗಳು ಶುದ್ಧವಾಗಿದ್ದುವು ಎಂಬ ನಂಬಿಕೆಯು ಅಂದಿನ ರಾಜಕೀಯಕ್ಕೆ ಅವಶ್ಯಕವಾಗಿತ್ತು.

ಸೇನಾಪತಿಗಳ ಹಿಂದೆ ಸಾಮಾನ್ಯ ಯೋಧರೂ ಕಿರಿಯ ಅಧಿಕಾರಿಗಳೂ ಬಂದರು. ಹಳೆಯ ಡಿವಿಷನ್ನುಗಳ ಸಂಗಾತಿಗಳ ಸಂಘಗಳು ಏರ್ಪಟ್ಟು, ಸುತ್ತೋಲೆಗಳ ಮೂಲಕ ನೆನಪುಗಳನ್ನು ತರಿಸಿಕೊಂಡು ಡಿವಿಷನ್ ಚರಿತ್ರೆಗಳನ್ನು ಅಚ್ಚು ಹಾಕಿಸಿದುವು. ೧೯೪೬ರಲ್ಲಿ ನ್ಯೂರೆಂಬರ್ಗ್ ನ್ಯಾಯಮಂಡಲಿಯು ಅಪರಾಧಿ ಸಂಸ್ಥೆಯೆಂದು ಘೋಷಿಸಿದ ಎಸ್.ಎಸ್. ಪಡೆಯ ಹಳಬರು ೧೯೫೧ರಲ್ಲಿ ತಮ್ಮದೇ ಸಂಘವನ್ನು ಸ್ಥಾಪಿಸಿದರು. ತಾವೂ ಎಲ್ಲರಂತೆ ಬರಿಯ ಸೈನಿಕರೆಂದು ಸಾಧಿಸುವುದು ಆ ಸಂಘದ ಪ್ರಕಟಣೆಗಳ ಗುರಿಯಾಗಿತ್ತು. ೧೯೯೨ರಲ್ಲಿ ಅದು ವಿಸರ್ಜಿತವಾಯಿತು. ೧೯೫೭ರಿಂದ ೨೦೧೩ರ ವರೆಗೆ ಹೊರಬಂದ ‘ಡೆರ್ ಲಾಂಡ್ಸರ್’ ಎಂಬ ಅಗ್ಗದ ಪತ್ರಿಕೆಯು ಯುದ್ಧಕಥೆಗಳನ್ನು ‘ಅನುಭವ’ದ ಹೆಸರಿನಲ್ಲಿ ಮಾರಿತು. ೧೯೬೩ರಲ್ಲಿ ರಷ್ಯದ ಯುದ್ಧವನ್ನು ಕುರಿತ ಜನಪ್ರಿಯ ಗ್ರಂಥವನ್ನು ಬರೆದ ಪಾಲ್ ಕಾರೆಲ್ ಎಂಬವನು ಯೋಧರ ಹೇಳಿಕೆಗಳನ್ನು ಹೇರಳವಾಗಿ ಬಳಸಿದನು. ಅವನ ನಿಜನಾಮ ಪಾಲ್ ಕಾರ್ಲ್ ಶ್ಮಿಟ್. ಯುದ್ಧಕಾಲದಲ್ಲಿ ಅವನು ಹಿಟ್ಲರನ ವಿದೇಶಾಂಗ ಖಾತೆಯ ಪತ್ರಿಕಾ ವಿಭಾಗದ ಮುಖ್ಯಸ್ಥನಾಗಿದ್ದನು.

ಟೈಗರ್ ಟ್ಯಾಂಕಿನ ನಾಯಕನಾಗಿದ್ದ ಆಟೋ ಕಾರಿಯುಸನ ನೆನಪುಗಳು ೧೯೬೦ರಲ್ಲಿ ಅಚ್ಚಾದುವು. ಮೊದಲು ಅವು ತನ್ನ ಬೆಟಾಲಿಯನ್ನಿನ ಸಂಗಾತಿಗಳಿಗಾಗಿಯೇ ಬರೆದುವು. ೧೯೯೨ರಲ್ಲಿ ಅವುಗಳ ಇಂಗ್ಲಿಷ್ ಅನುವಾದವು ಕೆನಡಾದಲ್ಲಿ ಹೊರಬಂದ ಮೇಲೆ, ಲೇಖಕನು ಊಹಿಸದಿದ್ದ ವಾಚಕವರ್ಗವೊಂದು ಅದಕ್ಕೆ ದೊರೆಯಿತು. ಸಂಗಾತಿಗಳಿಗೆ ಹೇಳಿದ ಮಾತನ್ನು ಅಪರಿಚಿತರು ಓದುವಾಗ ಒಂದು ಮುಖ್ಯವಾದ ಬದಲಾವಣೆಯಾಗುತ್ತದೆ. ಸಂಗಾತಿಗಳಿಗೆ ತಿಳಿದಿದ್ದುದರಿಂದ ಹೇಳದೆ ಬಿಟ್ಟ ಸಂಗತಿಗಳು, ಅಪರಿಚಿತರಿಗೆ ನಡೆದೇ ಇಲ್ಲದ ಸಂಗತಿಗಳಾಗಿಬಿಡುತ್ತವೆ.

೪. ಮೂರು ದೋಷಗಳು

ಈ ಕಥನಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ದೋಷಗಳಿವೆ. ಮೊದಲನೆಯದು ನೆನಪಿನ ದೋಷ. ಇದು ಜರ್ಮನರಿಗೆ ಮಾತ್ರ ಸೇರಿದುದಲ್ಲ. ಟೈಗರ್ ಟ್ಯಾಂಕುಗಳು ಒಟ್ಟು ತಯಾರಾದುದು ಸುಮಾರು ೧,೩೫೦ ಮಾತ್ರ. ಆದರೆ ಬ್ರಿಟಿಷ್ ಮತ್ತು ಅಮೆರಿಕನ್ ಸೈನಿಕರ ನೆನಪುಗಳಲ್ಲಿ ಎದುರಿಗೆ ಬಂದ ಜರ್ಮನ್ ಟ್ಯಾಂಕುಗಳು ಬಹುಮಟ್ಟಿಗೆ ಟೈಗರುಗಳೇ. ೧೯೪೩ರ ಜುಲೈ ೧೨ರಂದು ಕುರ್ಸ್ಕ್ ರಣರಂಗದ ಪ್ರೊಖೊರೋವ್ಕದಲ್ಲಿ ನಡೆದ ಕಾಳಗವೂ ಒಂದು ನಿದರ್ಶನ. ಸೋವಿಯೆಟ್ ಸೇನಾಪತಿ ರಾಟ್ಮಿಸ್ಟ್ರಾವನು ಸುಮಾರು ೪೦೦ ಜರ್ಮನ್ ಟ್ಯಾಂಕುಗಳನ್ನು ಆ ದಿನ ನಾಶಪಡಿಸಿದೆವೆಂದೂ ಅವುಗಳಲ್ಲಿ ೭೦ ಟೈಗರುಗಳಿದ್ದುವೆಂದೂ ಬರೆದನು. ಎದುರಿಗಿದ್ದ ಜರ್ಮನ್ ಕೋರಿನಲ್ಲಿ ಆಗ ಬಳಕೆಗೆ ಸಿದ್ಧವಿದ್ದ ಟೈಗರುಗಳು ಸುಮಾರು ಹದಿನೈದು. ದಾಖಲೆಗಳನ್ನು ಪರಿಶೀಲಿಸಿ ೨೦೦೭ರಲ್ಲಿ ಬರೆದ ಕಾರ್ಲ್-ಹೈನ್ಸ್ ಫ್ರೀಸರನ ಪ್ರಕಾರ, ಅಲ್ಲಿ ದುರಸ್ತಿಗೆ ಸಿಗದಂತೆ ನಷ್ಟವಾದ ಜರ್ಮನ್ ಟ್ಯಾಂಕುಗಳು ಬೆರಳೆಣಿಕೆಯಷ್ಟು. ಸೋವಿಯೆಟ್ ನಷ್ಟವು ಇನ್ನೂರನ್ನು ಮೀರಿತ್ತು. ಇಲ್ಲಿಯೂ ಎಚ್ಚರಿಕೆ ಬೇಕು. ಜರ್ಮನರು ಪೂರ್ತಿ ಹಾಳಾದ ಟ್ಯಾಂಕನ್ನು ಮಾತ್ರ ‘ನಷ್ಟ’ವೆಂದು ಎಣಿಸುತ್ತಿದ್ದರು, ಏಟು ತಿಂದು ಕಾರ್ಯಾಗಾರ ಸೇರಿದವು ಆ ಲೆಕ್ಕದಲ್ಲಿಲ್ಲ. ಪದದ ಅರ್ಥವನ್ನು ತಿಳಿಯದೆ ಅಂಕಿಯನ್ನು ನಂಬುವುದೂ ತಪ್ಪಿಗೆ ದಾರಿ.

ಎರಡನೆಯದು ಮೌನದ ದೋಷ. ಇದು ಮೊದಲನೆಯದಕ್ಕಿಂತ ಗುರುತರವಾದುದು. ರಷ್ಯದ ಯುದ್ಧವು ಬರಿಯ ಟ್ಯಾಂಕುಗಳ ಯುದ್ಧವಾಗಿರಲಿಲ್ಲ. ಜರ್ಮನರ ಕೈಗೆ ಸಿಕ್ಕಿದ ಸುಮಾರು ೫೭ ಲಕ್ಷ ಸೋವಿಯೆಟ್ ಸೆರೆಯಾಳುಗಳಲ್ಲಿ ಸುಮಾರು ೩೩ ಲಕ್ಷ ಜನರು ಹಸಿವು, ಚಳಿ, ರೋಗ ಮತ್ತು ಗುಂಡಿಗೆ ಬಲಿಯಾದರೆಂದು ಕ್ರಿಶ್ಚಿಯನ್ ಸ್ಟ್ರೈಟನು ೧೯೭೮ರಲ್ಲಿ ತೋರಿಸಿದನು. ಸೆರೆಸಿಕ್ಕ ರಾಜಕೀಯ ಕಮಿಸಾರರನ್ನು ಕೊಲ್ಲಬೇಕೆಂಬ ಆಜ್ಞೆಯು ೧೯೪೧ರ ಜೂನ್ ೬ರಂದು ಹೊರಟಿತು. ನಾಲ್ಕನೆಯ ಪಾಂಜರ್ ಪಡೆಯು ಅದೇ ಜುಲೈ ೧೯ರ ವೇಳೆಗೆ ೧೭೨ ಕಮಿಸಾರರ ವಧೆಯನ್ನು ವರದಿ ಮಾಡಿದೆ. ತನ್ನ ಪಾಂಜರ್ ಪಡೆಯಲ್ಲಿ ಈ ಆಜ್ಞೆಯು ಜಾರಿಗೆ ಬರಲೇ ಇಲ್ಲವೆಂದು ಗುಡೇರಿಯನ್ನನು ಬರೆದಿದ್ದಾನೆ. ಆ ಪಡೆಯ ಕಾಗದಗಳಲ್ಲಿಯೇ ಅದಕ್ಕೆ ವಿರುದ್ಧವಾದ ವರದಿಗಳಿವೆ. ಪೂರ್ವರಂಗದ ಬಹುಪಾಲು ಡಿವಿಷನ್ನುಗಳಲ್ಲಿ ಈ ಆಜ್ಞೆಯು ಪಾಲಿತವಾದುದಕ್ಕೆ ಸಾಕ್ಷ್ಯವಿದೆಯೆಂಬುದನ್ನು ಫೆಲಿಕ್ಸ್ ರೋಮರನು ೨೦೦೮ರಲ್ಲಿ ವಿವರವಾಗಿ ನಿರೂಪಿಸಿದ್ದಾನೆ.

ಟ್ಯಾಂಕು ಯೋಧರ ಸಂಗ್ರಹಗಳಲ್ಲಿ ಇವುಗಳ ಸುಳಿವು ಅತ್ಯಲ್ಪ. ಅಲ್ಲಿ ಶತ್ರುವೆಂದರೆ ಇನ್ನೊಂದು ಟ್ಯಾಂಕು. ಸುಟ್ಟ ಹಳ್ಳಿಯ ಜನರಲ್ಲ. ನ್ಯಾಯವಾಗಿ ಹೇಳುವುದಾದರೆ, ಮುಂದೆ ಮುಂದೆ ಸಾಗುತ್ತಿದ್ದ ಟ್ಯಾಂಕಿನವನು ಹಿಂದೆ ನಡೆದ ಎಲ್ಲವನ್ನೂ ಕಂಡಿರಲಾರನು. ಎಲ್ಲರ ಮೇಲೂ ಒಂದೇ ಅಪರಾಧವನ್ನು ಹೊರಿಸುವುದು ಚರಿತ್ರಕಾರನ ಕೆಲಸವಲ್ಲ. ಆದರೆ ಕಂಡವರೂ ಹೇಳಲಿಲ್ಲವೆಂಬುದಕ್ಕೆ ಈಗ ಬಲವಾದ ಪ್ರಮಾಣವಿದೆ. ಬ್ರಿಟಿಷರೂ ಅಮೆರಿಕನ್ನರೂ ಸೆರೆಯಾಳುಗಳ ಕೋಣೆಗಳಲ್ಲಿ ಧ್ವನಿಗ್ರಾಹಕಗಳನ್ನು ಗುಪ್ತವಾಗಿ ಇರಿಸಿ ಜರ್ಮನ್ ಸೈನಿಕರ ಮಾತುಕತೆಗಳನ್ನು ಬರೆದಿಟ್ಟಿದ್ದರು. ಸೋಂಕೆ ನೈಟ್ಸೆಲ್ ಎಂಬ ಇತಿಹಾಸಜ್ಞನು ೨೦೦೧ರಲ್ಲಿ ಲಂಡನ್ನಿನಲ್ಲಿ ಈ ಲಿಖಿತಗಳನ್ನು ಕಂಡನು. ಸಮಾಜಮನೋವಿಜ್ಞಾನಿ ಹರಾಲ್ಡ್ ವೆಲ್ಟ್ಸರನೊಡನೆ ೨೦೧೧ರಲ್ಲಿ ಅವುಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಸೈನಿಕರು ತಮ್ಮತಮ್ಮೊಳಗೆ ಕೊಲೆಗಳನ್ನು ಕುರಿತು ಸಂಕೋಚವಿಲ್ಲದೆ ಮಾತನಾಡಿದ್ದರೆಂಬುದು ಅದರಿಂದ ತಿಳಿದುಬರುತ್ತದೆ. ತಿಳಿಯದೆ ಇದ್ದುದರಿಂದ ಬಂದ ಮೌನ ಬೇರೆ. ತಿಳಿದೂ ಅಚ್ಚಿಗೆ ಕೊಡದೆ ಇದ್ದುದರಿಂದ ಬಂದ ಮೌನ ಬೇರೆ.

ಮೂರನೆಯದು ಸಂಪಾದಕನ ಕೈವಾಡದ ದೋಷ. ಗುಡೇರಿಯನ್ನನ ಆತ್ಮಚರಿತ್ರೆಯ ಇಂಗ್ಲಿಷ್ ಆವೃತ್ತಿಗೆ ಮುನ್ನುಡಿ ಬರೆದ ಬ್ರಿಟಿಷ್ ಸೇನಾಲೇಖಕ ಲಿಡೆಲ್ ಹಾರ್ಟನು, ಟ್ಯಾಂಕು ಯುದ್ಧದ ತತ್ತ್ವಗಳಿಗೆ ತಾನು ಮೂಲಪುರುಷನೆಂಬುದನ್ನು ಸೂಚಿಸುವ ಮಾತುಗಳನ್ನು ಸೇರಿಸುವಂತೆ ಲೇಖಕನನ್ನು ಕೋರಿದನು. ಅಂತೆಯೇ ಒಂದು ಖಂಡವು ಇಂಗ್ಲಿಷ್ ಆವೃತ್ತಿಯಲ್ಲಿ ಸೇರಿತು. ಜರ್ಮನ್ ಮೂಲದಲ್ಲಿ ಅದು ಇಲ್ಲ. ಎರಡು ಆವೃತ್ತಿಗಳನ್ನು ಎದುರುಬದುರಾಗಿ ಇಟ್ಟು ನೋಡದವನಿಗೆ ಇದು ತಿಳಿಯುವುದಾದರೂ ಹೇಗೆ? ಫ್ರಾನ್ಸ್ ಕುರೋವ್ಸ್ಕಿಯಂಥ ಜನಪ್ರಿಯ ಲೇಖಕರ ಗ್ರಂಥಗಳಲ್ಲಿ ಟ್ಯಾಂಕಿನೊಳಗಿನ ಸಂಭಾಷಣೆಗಳು ನಾಟಕದಂತೆ ಮಾತುಮಾತಾಗಿ ಬರುತ್ತವೆ. ಗುಂಡಿನ ಸದ್ದಿನ ನಡುವೆ ಆಡಿದ ಮಾತುಗಳನ್ನು ಹಲವು ವರ್ಷಗಳ ಬಳಿಕ ಅಕ್ಷರಶಃ ವರದಿ ಮಾಡಿದವರು ಯಾರು ಎಂದು ವಾಚಕರು ಕೇಳಿಕೊಳ್ಳಬೇಕು.

೫. ಸಂಪಾದನೆಯ ಕ್ರಮ

ಹಾಗಾದರೆ ಇಂಥ ಕಥನಗಳನ್ನು ಪ್ರಕಟಿಸಬಾರದೆ? ಅವಶ್ಯವಾಗಿ ಪ್ರಕಟಿಸಬೇಕು. ೧೯೪೫ರಲ್ಲಿ ಹದಿನೆಂಟು ವರ್ಷದವನಾಗಿದ್ದ ಯೋಧನು ಇಂದು ನೂರರ ಅಂಚಿನಲ್ಲಿದ್ದಾನೆ. ಕಾರಿಯುಸನು ೨೦೧೫ರಲ್ಲಿ ತೀರಿಕೊಂಡನು. ಇನ್ನು ಮುಂದೆ ಪ್ರಕಟವಾಗುವುದು ಹೆಚ್ಚಾಗಿ ಪೆಟ್ಟಿಗೆಗಳಲ್ಲಿ ಉಳಿದ ಹಸ್ತಪ್ರತಿಗಳು, ಪತ್ರಗಳು, ಧ್ವನಿಮುದ್ರಣಗಳು. ಪ್ರಶ್ನಿಸಲು ಸಾಕ್ಷಿಯೇ ಇಲ್ಲವಾದ ಮೇಲೆ ಸಂಪಾದಕನ ಹೊಣೆಯು ಇಮ್ಮಡಿಯಾಗುತ್ತದೆ.

ಈ ಹೊಣೆ ಯಾವ ಬಗೆಯದೆಂಬುದನ್ನು ತಿಳಿಯಲು ನಮ್ಮವರಿಗೆ ಬಹುದೂರ ಹೋಗಬೇಕಾಗಿಲ್ಲ. ೧೮೮೬ರಲ್ಲಿ ರೈಸರು ಆರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಿಂದ ಶಾಸನ ಸಂಪಾದನೆಯ ಶಿಸ್ತು ನಮಗೆ ಪರಿಚಿತವಾಗಿದೆ. ಶಾಸನವಿರುವ ಊರನ್ನೂ ಸ್ಥಳವನ್ನೂ ಹೇಳುತ್ತೇವೆ. ಅಳಿಸಿಹೋದ ಅಕ್ಷರಗಳ ಸ್ಥಾನದಲ್ಲಿ ಚುಕ್ಕೆಗಳನ್ನಿಡುತ್ತೇವೆ. ಊಹಿಸಿ ತುಂಬಿದುದನ್ನು ಆವರಣದೊಳಗೆ ತೋರಿಸುತ್ತೇವೆ. ವೀರಗಲ್ಲನ್ನು ಓದುವಾಗ ಅದು ಸತ್ತ ವೀರನ ಕಡೆಯವರು ನಿಲ್ಲಿಸಿದ ಕಲ್ಲೆಂಬುದನ್ನು ಮರೆಯುವುದಿಲ್ಲ. ಎದುರಾಳಿಯ ಮಾತು ಆ ಕಲ್ಲಿನಲ್ಲಿಲ್ಲವೆಂಬುದನ್ನೂ ನೆನಪಿಡುತ್ತೇವೆ. ಯೋಧರ ಕಥನಗಳಿಗೂ ಇದೇ ಶಿಸ್ತು ಬೇಕು. ಅದನ್ನು ಹೀಗೆ ಸಂಗ್ರಹಿಸಿ ಹೇಳಬಹುದು:

(೧) ಪ್ರತಿಯೊಂದು ಕಥನವೂ ಯಾವ ವರ್ಷದಲ್ಲಿ ಹುಟ್ಟಿತು, ಅಂದಂದೇ ಬರೆದ ದಿನಚರಿಯೋ, ಮನೆಗೆ ಬರೆದ ಪತ್ರವೋ, ನಲವತ್ತು ವರ್ಷಗಳ ಬಳಿಕ ಕೇಳಿ ಬರೆದುದೋ ಎಂಬುದನ್ನು ತಿಳಿಸಬೇಕು. ಪತ್ರವಾದರೆ ಅದು ಸೆನ್ಸಾರಿಗೆ ಒಳಪಟ್ಟಿತ್ತೆಂಬುದನ್ನು ನೆನಪಿಡಬೇಕು.

(೨) ಕಥನಕಾರನು ಯಾವ ಪಡೆಯಲ್ಲಿ, ಯಾವ ಸ್ಥಾನದಲ್ಲಿ ಇದ್ದನು, ಆ ಸ್ಥಾನದಿಂದ ಏನನ್ನು ಕಾಣಬಲ್ಲವನಾಗಿದ್ದನು ಎಂಬುದನ್ನು ಹೇಳಬೇಕು.

(೩) ಕಡಿತಗಳನ್ನು ಗುರುತಿಸಬೇಕು. ಭಾಷೆಯನ್ನು ತಿದ್ದಿದ್ದರೆ ಹಾಗೆಂದು ಹೇಳಿ, ಮೂಲವನ್ನು ಒಂದು ಭಂಡಾರದಲ್ಲಿ ಇರಿಸಬೇಕು.

(೪) ಸ್ಥಳ, ದಿನಾಂಕ ಮತ್ತು ನಾಶಪಡಿಸಿದ ಟ್ಯಾಂಕುಗಳ ಸಂಖ್ಯೆಗಳನ್ನು ಎರಡೂ ಪಕ್ಷಗಳ ದಾಖಲೆಗಳೊಡನೆ ಹೋಲಿಸಿ, ವ್ಯತ್ಯಾಸವನ್ನು ಅಡಿಟಿಪ್ಪಣಿಯಲ್ಲಿ ಕೊಡಬೇಕು. ಕಥನವನ್ನೇ ತಿದ್ದಬಾರದು.

(೫) ಆ ಪಡೆಯು ಹಾದುಹೋದ ಪ್ರದೇಶದಲ್ಲಿ ಅದೇ ದಿನಗಳಲ್ಲಿ ನಡೆದ, ಕಥನದಲ್ಲಿ ಬಾರದ ಘಟನೆಗಳನ್ನು ಪೀಠಿಕೆಯಲ್ಲಿ ನಿರೂಪಿಸಬೇಕು.

ಇವುಗಳಲ್ಲಿ ಐದನೆಯದಕ್ಕೆ ಸಾಮಾನ್ಯವಾಗಿ ಆಕ್ಷೇಪಣೆ ಬರುತ್ತದೆ: ಯೋಧನು ಹೇಳದ ಮಾತನ್ನು ಅವನ ಗ್ರಂಥದಲ್ಲಿ ಸೇರಿಸುವುದು ನ್ಯಾಯವೇ ಎಂದು. ಅವನ ಬಾಯಲ್ಲಿ ಅದನ್ನು ಇಡುವುದು ಅನ್ಯಾಯವೇ ಸರಿ. ಆದರೆ ಪೀಠಿಕೆಯು ಸಂಪಾದಕನದು. ಚುಕ್ಕೆಗಳನ್ನಿಡದೆ ಅಳಿದ ಸಾಲನ್ನು ದಾಟಿಹೋಗುವ ಶಾಸನ ಸಂಪಾದಕನನ್ನು ನಾವು ಹೇಗೆ ಒಪ್ಪಲಾರೆವೋ, ಮೌನವನ್ನು ಗುರುತಿಸದ ಸಂಪಾದಕನನ್ನೂ ಹಾಗೆಯೇ ಒಪ್ಪಲಾರೆವು. ಈ ಶಿಸ್ತು ವಿಮರ್ಶಕರಿಗೂ ಅನ್ವಯಿಸುತ್ತದೆ. ಜರ್ಮನ್ ಸೇನೆಯ ಅಪರಾಧಗಳನ್ನು ತೋರಿಸಲು ಹಾಂಬುರ್ಗಿನ ಸಂಶೋಧನ ಸಂಸ್ಥೆಯೊಂದು ೧೯೯೫ರಲ್ಲಿ ಏರ್ಪಡಿಸಿದ ಪ್ರದರ್ಶನದಲ್ಲಿ ಕೆಲವು ಛಾಯಾಚಿತ್ರಗಳ ವಿವರಣೆ ತಪ್ಪಾಗಿದ್ದುದರಿಂದ ೧೯೯೯ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಪರಿಶೀಲಿಸಿದ ತಜ್ಞರು ಮುಖ್ಯ ಪ್ರತಿಪಾದನೆಯನ್ನು ಎತ್ತಿಹಿಡಿದರು. ತಿದ್ದಿದ ಪ್ರದರ್ಶನವು ೨೦೦೧ರಲ್ಲಿ ಮತ್ತೆ ತೆರೆಯಿತು. ಸತ್ಯವಾದ ಮಾತಿಗೂ ಅಜಾಗರೂಕತೆಯಿಂದ ಹಾನಿಯುಂಟೆಂಬುದು ಇದರಿಂದ ತಿಳಿಯುವುದು.

ಒಳ್ಳೆಯ ಮಾದರಿಗಳೂ ಇಲ್ಲದಿಲ್ಲ. ವಾಲ್ಟರ್ ಕೆಂಪೋವ್ಸ್ಕಿಯು ೧೯೯೩ರಿಂದ ೨೦೦೫ರ ವರೆಗೆ ಹತ್ತು ಸಂಪುಟಗಳಲ್ಲಿ ಹೊರತಂದ ‘ಎಖೋಲೋಟ್’ ಎಂಬ ಸಂಗ್ರಹದಲ್ಲಿ ಒಂದೊಂದು ದಿನಾಂಕದ ಕೆಳಗೆ ಸೈನಿಕ, ಗೃಹಿಣಿ, ಸೆರೆಯಾಳು, ಅಧಿಕಾರಿ ಮೊದಲಾದವರ ಪತ್ರ ದಿನಚರಿಗಳನ್ನು ಅಕ್ಕಪಕ್ಕದಲ್ಲಿ ಜೋಡಿಸಿದ್ದಾನೆ. ರಷ್ಯದಲ್ಲಿ ಆರ್ಟೆಮ್ ದ್ರಾಬ್ಕಿನ್ನನು ಸೋವಿಯೆಟ್ ಟ್ಯಾಂಕು ಯೋಧರನ್ನು ಸಂದರ್ಶಿಸಿ ಅವರ ಹೇಳಿಕೆಗಳನ್ನು ಪ್ರಕಟಿಸಿದ್ದಾನೆ. ಜರ್ಮನ್ ಕಥನಗಳನ್ನು ಓದುವ ವಿದ್ಯಾರ್ಥಿಯು ಇವುಗಳನ್ನೂ ಪಕ್ಕದಲ್ಲಿಟ್ಟುಕೊಂಡರೆ ಒಂದೇ ಬಯಲಿನ ಎರಡು ದಡಗಳೂ ಅವನಿಗೆ ಕಾಣಿಸುವುವು.

೬. ಉಪಸಂಹಾರ

ಈ ವಿಚಾರವು ನಮಗೆ ತೀರ ಹೊರಗಿನದಲ್ಲ. ಉತ್ತರ ಆಫ್ರಿಕದಲ್ಲಿ ರೊಮ್ಮೆಲನ ಟ್ಯಾಂಕುಗಳನ್ನು ಎದುರಿಸಿದ ಸೇನೆಯಲ್ಲಿ ನಾಲ್ಕನೆಯ ಭಾರತೀಯ ಡಿವಿಷನ್ ಇತ್ತು. ಅದರೊಡನೆ ಬೆಂಗಳೂರನ್ನು ಕೇಂದ್ರವಾಗಿ ಹೊಂದಿದ್ದ ಮದ್ರಾಸ್ ಸ್ಯಾಪರ್ಸ್ ದಳದವರಿದ್ದರು. ರೊಮ್ಮೆಲನ ಕಾಗದಗಳು ೧೯೫೩ರಲ್ಲಿಯೇ ಇಂಗ್ಲಿಷಿನಲ್ಲಿ ಅಚ್ಚಾದುವು. ಎದುರಿಗೆ ನಿಂತಿದ್ದ ನಮ್ಮ ಸೈನಿಕರ ಮಾತುಗಳು ಮುಖ್ಯವಾಗಿ ಉಳಿದಿರುವುದು ಅವರ ಪತ್ರಗಳನ್ನು ಓದಿದ ಸೆನ್ಸಾರ್ ಅಧಿಕಾರಿಗಳು ಎತ್ತಿ ಬರೆದಿಟ್ಟ ತುಣುಕುಗಳಲ್ಲಿ. ಅವು ಲಂಡನ್ನಿನ ಗ್ರಂಥಭಂಡಾರದಲ್ಲಿವೆ. ಒಂದು ಪಕ್ಷದ ಕಥನಗಳು ಮರುಮುದ್ರಣ ಕಾಣುತ್ತಿದ್ದು ಇನ್ನೊಂದು ಪಕ್ಷದವು ತುಣುಕುಗಳಾಗಿಯೇ ಉಳಿದರೆ, ಮುಂದಿನವರಿಗೆ ಚರಿತ್ರೆಯು ಮೊದಲನೆಯವರ ಕಣ್ಣಿನಿಂದಲೇ ಕಾಣುವುದು ಸಹಜ. ಊರೂರುಗಳ ಮನೆಗಳಲ್ಲಿ ಇನ್ನೂ ಉಳಿದಿರಬಹುದಾದ ಸೇವಾಪುಸ್ತಕ, ಪತ್ರ, ಭಾವಚಿತ್ರಗಳನ್ನು ಹುಡುಕಿ, ಮೇಲೆ ಹೇಳಿದ ಕ್ರಮದಲ್ಲಿ ದಾಖಲಿಸುವ ಕೆಲಸವನ್ನು ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳು ಕೈಗೊಳ್ಳಬಹುದು. ಜರ್ಮನ್ ಸಂಗ್ರಹಗಳ ಗುಣದೋಷಗಳೆರಡೂ ಈಗ ನಮ್ಮ ಮುಂದಿರುವುದರಿಂದ, ಆ ಕೆಲಸವನ್ನು ಆರಂಭಿಸುವವರಿಗೆ ದಾರಿಯು ಅಷ್ಟರಮಟ್ಟಿಗೆ ಸ್ಪಷ್ಟವಾಗಿದೆ.